ಹೆಡ್‌ಫೋನಿನ ಧ್ವನಿಗೆ ಅಂಕ ಕೊಡಬಹುದೇ?

ಅಂಗಡಿಯಲ್ಲಿ ಹೆಡ್‌ಫೋನ್ ಪೆಟ್ಟಿಗೆಗಳನ್ನು ತಿರುಗಿಸಿ ನೋಡಿ. ‘20 ಹರ್ಟ್ಸ್‌ನಿಂದ 20,000 ಹರ್ಟ್ಸ್’ ಎಂಬ ಸಾಲು 500 ರೂಪಾಯಿಯದರ ಮೇಲೂ ಇರುತ್ತದೆ, 20,000 ರೂಪಾಯಿಯದರ ಮೇಲೂ ಇರುತ್ತದೆ. ಹಾಗಾದರೆ ಮಗ ದುಬಾರಿಯದನ್ನೇ ಬೇಕೆನ್ನುವುದು ಬರೀ ಶೋಕಿಯೇ?

ಆ ಸಾಲು ಅರ್ಧ ಮಾತು. ಎಳೆಯ, ಆರೋಗ್ಯವಂತ ಕಿವಿಗೆ ಕೇಳಿಸುವ ಆವೃತ್ತಿಗಳ ವ್ಯಾಪ್ತಿ ಅದು. (ನಮ್ಮಂಥ ಐವತ್ತು ದಾಟಿದವರಿಗೆ ಮೇಲಿನ ತುದಿಯಲ್ಲಿ ಕೆಲವು ಸಾವಿರ ಖೋತಾ!) ಯಾವ ಆವೃತ್ತಿ ಎಷ್ಟು ಜೋರಾಗಿ ಬರುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಹುಡುಗ ಆರೂ ವಿಷಯಗಳ ಪರೀಕ್ಷೆಗೆ ಕುಳಿತಿದ್ದ ಎಂದಷ್ಟೇ ಹೇಳಿದರೆ ಅಂಕ ತಿಳಿಯುತ್ತದೆಯೇ?

ಅಂಕಪಟ್ಟಿ ಬೇರೆಯೇ ಇದೆ. ರಬ್ಬರಿನಂಥ ವಸ್ತುವಿನಿಂದ ಕಿವಿಯ ಹಾಲೆ, ನಾಳಗಳನ್ನು ಮಾಡಿ, ತಮಟೆಯ ಜಾಗದಲ್ಲಿ ಮೈಕ್ರೋಫೋನ್ ಇಟ್ಟು, ಪ್ರತಿ ಆವೃತ್ತಿಯ ಮಟ್ಟವನ್ನು ಡೆಸಿಬೆಲ್‌ನಲ್ಲಿ ಅಳೆದು ನಕ್ಷೆ ಬರೆಯುತ್ತಾರೆ. ನಕ್ಷೆ ನೇರ ಗೆರೆಯಾಗಿದ್ದರೆ ಉತ್ತಮ ಎಂದುಕೊಂಡಿರಾ? ಅಲ್ಲ. ನಮ್ಮ ಕಿವಿಯ ನಾಳ ಸುಮಾರು 2.5 ಸೆಂ.ಮೀ. ಉದ್ದದ, ಒಂದು ತುದಿ ಮುಚ್ಚಿದ ಕೊಳವೆ. ಅದರ ನಾಲ್ಕು ಪಟ್ಟು, ಅಂದರೆ 10 ಸೆಂ.ಮೀ. ತರಂಗದೂರಕ್ಕೆ ಅನುನಾದ. ಶಬ್ದದ ವೇಗ ಸೆಕೆಂಡಿಗೆ 340 ಮೀಟರ್ ಎಂದಿಟ್ಟುಕೊಂಡು ಭಾಗಿಸಿ: 3,400 ಹರ್ಟ್ಸ್. ಎದುರಿಗೆ ಕುಳಿತು ಹಾಡಿದವರ ದನಿಯೂ ಹಾಲೆ, ನಾಳಗಳನ್ನು ದಾಟಿ ತಮಟೆ ಮುಟ್ಟುವಾಗ 3,000 ಹರ್ಟ್ಸ್‌ನ ಆಸುಪಾಸಿನಲ್ಲಿ ಉಬ್ಬಿಕೊಂಡಿರುತ್ತದೆ. ಮಿದುಳಿಗೆ ಅದೇ ರೂಢಿ. ಆದ್ದರಿಂದ ತಮಟೆಯ ಬಳಿ ಅಳೆದಾಗ ಆ ಉಬ್ಬು ಕಾಣದ ಹೆಡ್‌ಫೋನ್ ಮಂಕಾಗಿ ಕೇಳಿಸುತ್ತದೆ.

ಉಬ್ಬು ಎಷ್ಟಿರಬೇಕು? ಅದನ್ನು ಕೇಳುಗರನ್ನೇ ಕೇಳಬೇಕಾಯಿತು. ಅಮೆರಿಕದ ಹರ್ಮನ್ ಸಂಸ್ಥೆಯಲ್ಲಿ ಶಾನ್ ಆಲಿವ್ ಮತ್ತು ಸಂಗಡಿಗರು ಯಾವುದು ಯಾವ ಕಂಪನಿಯದೆಂದು ತಿಳಿಸದೆ ಜನರಿಂದ ಅಂಕ ಹಾಕಿಸಿದರು. 2018ರಲ್ಲಿ ಅವರು ಪ್ರಕಟಿಸಿದಂತೆ, 31 ಹೆಡ್‌ಫೋನ್‌ಗಳಿಗೆ ನಕ್ಷೆಯಿಂದಲೇ ಊಹಿಸಿದ ಅಂಕಕ್ಕೂ ಕೇಳುಗರು ಕೊಟ್ಟ ಅಂಕಕ್ಕೂ ಇದ್ದ ಸಹಸಂಬಂಧ 0.86. ಇದರ ವರ್ಗ 0.74. ಅಂದರೆ ಅಂಕಗಳ ಏರುಪೇರಿನಲ್ಲಿ ಸುಮಾರು ಮುಕ್ಕಾಲು ಪಾಲಿಗೆ ನಕ್ಷೆಯೇ ಉತ್ತರ ಕೊಡುತ್ತದೆ. ರುಚಿಯ ವಿಷಯದಲ್ಲಿ ಇದು ಸಣ್ಣ ಮಾತಲ್ಲ. ಇನ್ನು ಬೆಲೆ? 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 283 ಹೆಡ್‌ಫೋನ್‌ಗಳ ನಕ್ಷೆ ಪರೀಕ್ಷಿಸಿದಾಗ ಅದಕ್ಕೂ ಬೆಲೆಗೂ ಸಂಬಂಧವೇ ಕಾಣಲಿಲ್ಲ.

ಉಳಿದ ಕಾಲು ಪಾಲಿನಲ್ಲಿ ನಿಮ್ಮ ತಲೆಯೂ ಸೇರಿದೆ. ಪ್ರಯೋಗಾಲಯದ ರಬ್ಬರ್ ಕಿವಿಯ ಮೇಲೆ ಕನ್ನಡಕದ ಕಡ್ಡಿ ಇರುವುದಿಲ್ಲ! ಕಡ್ಡಿಯ ಪಕ್ಕದ ಸಣ್ಣ ಸಂದಿಯಿಂದ ಮೊದಲು ಸೋರಿಹೋಗುವುದು ತಗ್ಗಿನ ಆವೃತ್ತಿಗಳು. ಮೃದಂಗದ ಗುಮಕಿ ಮಾಯ. ಮಕ್ಕಳು ಏನು ಮಾಡುತ್ತಾರೆ? ವಾಲ್ಯೂಮ್ ಏರಿಸುತ್ತಾರೆ. ಗುಮಕಿಯ ಜತೆಗೆ ಉಳಿದದ್ದೆಲ್ಲವೂ ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ 80 ಡೆಸಿಬೆಲ್ ವಾರಕ್ಕೆ 40 ಗಂಟೆ, ಮಕ್ಕಳಿಗೆ 75. ಅದರ ಮೇಲೆ ಪ್ರತಿ 3 ಡೆಸಿಬೆಲ್‌ಗೆ ಅವಧಿ ಅರ್ಧವಾಗುತ್ತದೆ.

ಕೊಳ್ಳುವಾಗ ಮಕ್ಕಳನ್ನು, ಕನ್ನಡಕ ಇದ್ದರೆ ಕನ್ನಡಕದ ಸಮೇತ, ಕರೆದುಕೊಂಡು ಹೋಗಿ. ಎರಡನ್ನು ಹೋಲಿಸುವಾಗ ದನಿಯ ಜೋರು ಸಮವಾಗಿರಲಿ. ತುಸು ಜೋರಾದದ್ದೇ ಚೆನ್ನಾಗಿದೆ ಎನ್ನಿಸುವುದು ಕಿವಿಯ ಸ್ವಭಾವ. ಹಾಡು ನಡೆಯುತ್ತಿರುವಾಗ ಎರಡೂ ಬದಿಯನ್ನು ಅಂಗೈಯಿಂದ ಮೆಲ್ಲಗೆ ಒತ್ತಿ ಹಿಡಿಯಲು ಹೇಳಿ. ಗುಮಕಿ ತಟ್ಟನೆ ಹೆಚ್ಚಿದರೆ ಅದು ಆ ತಲೆಗೆ ಸರಿಯಾಗಿ ಕೂರುತ್ತಿಲ್ಲ; ಬೇರೊಂದನ್ನು ತೋರಿಸಲು ಕೇಳಿ.