ಸ್ವಾಮಿಯ ಪಾಠಶಾಲೆ ಮನೆಗೆ ಬಂದುದು

ಶಂಕರನಾಗರು ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು 1980ರ ದಶಕದಲ್ಲಿ ನಮ್ಮ ಕಣಕಟ್ಟೆಯಂತಹ ಊರಿನಲ್ಲಿ ನೋಡಬೇಕಾದರೆ, ಆ ವೇಳೆಗೆ ವಿದ್ಯುತ್ತೂ ಇರಬೇಕು, ಹಿಂದಿಯೂ ತಿಳಿದಿರಬೇಕು. ತಪ್ಪಿದ ಕಂತು ತಪ್ಪಿದುದೇ. ಮುಂದೆ ಅದು ಡಿವಿಡಿ ತಟ್ಟೆಗಳಲ್ಲಿ ಹೊರಬಂದಾಗ ಈ ತೊಡಕು ಹರಿಯಿತು. ಪಾಠಶಾಲೆಯೆಂದರೆ ಅಳುಕುವ ಸ್ವಾಮಿಯಾಗಿ ಮಾಸ್ಟರ್ ಮಂಜುನಾಥನೂ, ಗದರಿಸುವ ತಂದೆಯಾಗಿ ಗಿರೀಶ ಕಾರ್ನಾಡರೂ ಮಾತನಾಡುತ್ತಿರುವಾಗ ನಡುವೆ ತಡೆದು, ಅಜ್ಜಿಗೆ ಕನ್ನಡದಲ್ಲಿ ಅರ್ಥ ಹೇಳಿ, ಪುನಃ ನಡೆಯಿಸಬಹುದು. (ಉಪಾಧ್ಯಾಯನಿಗೆ ಇದಕ್ಕಿಂತ ಹಿತವಾದ ಯಂತ್ರವುಂಟೆ?) ನಟರಲ್ಲಿ ಅನೇಕರು ಕನ್ನಡಿಗರು, ಊರು ನಮ್ಮ ಮಲೆನಾಡಿನದು, ಮಾತು ಮಾತ್ರ ಹಿಂದಿಯದಾದುದಕ್ಕೆ ನನ್ನ ಮನಸ್ಸು ಇಂದಿಗೂ ಒಪ್ಪದು. ಆದರೂ 1990ರಲ್ಲಿ ತೀರಿಕೊಂಡ ಶಂಕರನಾಗರ ಈ ಕೃತಿ ಮನೆಯಲ್ಲಿದ್ದರೆ ಜೋಪಾನ ಮಾಡತಕ್ಕದ್ದು: ತಟ್ಟೆಯನ್ನು ಅಂಚಿನಲ್ಲಿ ಹಿಡಿಯಿರಿ, ಧೂಳನ್ನು ಸುತ್ತಲೂ ಉಜ್ಜದೆ, ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನೆಡೆಗೆ ಒರಸಿರಿ.