ಬಡಗಿಯನ್ನು ಕೇಳಿಯೇ ನಕ್ಷೆ ಬರೆಯೋಣ

ಮನೆಗೆ ವಾರ್ಡ್‌ರೋಬ್ ಮಾಡಿಸುವಾಗ ನಾವು ಬಡಗಿಯನ್ನು ಕೊನೆಗೆ ಕರೆಯುತ್ತೇವೆ. ಮೊಬೈಲ್‌ನಲ್ಲಿ ಫೋಟೊ ತೋರಿಸಿ, ಚೌಕಾಸಿ ಮಾಡಿ, ‘ಹೀಗೇ ಮಾಡಿಕೊಡಿ’ ಎನ್ನುತ್ತೇವೆ. ಅವರನ್ನು ಮೊದಲೇ ಕರೆಯಬೇಕು ಎಂಬುದು ನನ್ನ ವಾದ.

ಬಿಇ ಓದುವ ನಮಗೆ ಕಂಪ್ಯೂಟರ್‌ನಲ್ಲಿ 26 ಇಂಚು ಆಳ ಬರೆಯುವುದು ಸುಲಭ. ಆದರೆ ಪ್ಲೈವುಡ್ ಶೀಟ್ ಸಾಮಾನ್ಯವಾಗಿ 8 ಅಡಿ ಉದ್ದ, 4 ಅಡಿ ಅಗಲ. ಆಳ 24 ಇಂಚಿಗಿಂತ ತುಸು ಕಡಿಮೆಯಿದ್ದರೆ ಅಗಲದಲ್ಲಿ ಎರಡು ಹಲಗೆ ಸಿಗುತ್ತವೆ. 26 ಆದರೆ ಒಂದೇ. ಗರಗಸ ತಿನ್ನುವ ಮಿಲಿಮೀಟರ್‌ಗಳನ್ನೂ ಲೆಕ್ಕ ಹಿಡಿಯುವವರು ಬಡಗಿ. ರಾಜಾಜಿನಗರ, ವಿಜಯನಗರದ ಹಳೆಯ ಮನೆಗಳಲ್ಲಿ ಗೋಡೆ ಮೂಲೆಮಟ್ಟಕ್ಕಿಲ್ಲದಿದ್ದರೆ ಮೊದಲು ಕಂಡುಹಿಡಿಯುವವರೂ ಅವರೇ.

ಮೊತ್ತ ಇಳಿಸಲೇಬೇಕೆಂದು ಹಠ ಹಿಡಿದರೆ ಇಳಿಯುವುದು ಪ್ಲೈವುಡ್‌ನ ಗುಣಮಟ್ಟ, ಇಲ್ಲವೇ ಅವರ ಕೂಲಿ. ಅದರ ಬದಲು ಸಾಮಾನು, ಕೂಲಿ ಎರಡನ್ನೂ ಬೇರೆಬೇರೆ ಬರೆದುಕೊಳ್ಳಿ. ಸಿಂಕ್ ಕೆಳಗೆ ಐಎಸ್ 710 ಮರೀನ್ ಪ್ಲೈ, ಮಲಗುವ ಕೋಣೆಗೆ ಐಎಸ್ 303 ಎಂದು ನಮೂದಿಸಿ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಕಡೆಗೆ ಇಬ್ಬರೂ ಹೋಗಿ, ಶೀಟ್ ಮೇಲಿನ ಐಎಸ್‌ಐ ಮುದ್ರೆ ನೋಡಿ ಕೊಳ್ಳಿ. ನಡುವೆ ಅಳತೆ ಬದಲಿಸಿದರೆ ಹೆಚ್ಚುವರಿ ಕೂಲಿ ಕೊಡಿ.

ಎಂಜಿನಿಯರ್ ಸಲಹೆಗೆ ಶುಲ್ಕ ಕೊಡುತ್ತೇವೆ. ಶೀಟ್ ಉಳಿಸಿದ ಬಡಗಿಯ ಸಲಹೆಗೂ ಬೆಲೆ ಬೇಡವೇ?