ತೆಳ್ಳನ್ನ ಸ್ಪೀಕರ್ ತರೂಕಿಂತ ಮೊದಲ ಪಡಸಾಲಿ ಅಳೀರಿ

ಹಾಡಿನ ಹುಚ್ಚಿರೋ ಮನ್ಯಾಗ ಒಂದಿಲ್ಲ ಒಂದ ದಿನ ಈ ಮಾತು ಬಂದ ಬರ್ತದ. "ಈ ಡಬ್ಬಿಯಂಥಾ ಸ್ಪೀಕರ್ ಸಾಕು, ಫಳಿ ಹಂಗ ತೆಳ್ಳಗಿರೋವು ತರೋಣು, ಎಲ್ಲೆ ಬೇಕಾದ್ರೂ ನಿಲ್ಲಸಬಹುದು." ಈ "ಎಲ್ಲೆ ಬೇಕಾದ್ರೂ" ಅನ್ನೋದಕ್ಕ ನಂದಂತೂ ತಕರಾರದ. ತೆಳ್ಳಗ ಅದ ಅಂದಕೂಡ್ಲೆ ಕಡಿಮಿ ಜಾಗಾ ಸಾಕು ಅಂತ ಆಗಂಗಿಲ್ರೆವ್ವಾ.

ಯಾಕಂದ್ರ ಇವುಗಳೊಳಗ ಭಾಳಷ್ಟಕ್ಕ ಹಿಂದ ಡಬ್ಬಿನ ಇರಂಗಿಲ್ಲ. ನಡುವ ತೆಳ್ಳನ್ನ ಪ್ಲಾಸ್ಟಿಕ್ ಹಾಳಿ ಅಳ್ಳಾಡ್ತದ. ಮುಂದ ಎಷ್ಟು ಸಪ್ಪಳ ಬರ್ತದೋ, ಹಿಂದನೂ ಅಷ್ಟ ಬರ್ತದ. ಇಂಗ್ಲಂಡಿನ ಕ್ವಾಡ್ ಕಂಪನಿ 1957ರಾಗ ಇಂಥಾದ್ದನ್ನ ಮಾರಾಟಕ್ಕ ತಂದಾಗಿಂದ ಇದರ ಸ್ವಭಾವ ಹಿಂಗ. ಹಿಂದಿನ ಸಪ್ಪಳ ಗ್ವಾಡಿಗೆ ಬಡದು ವಾಪಸ್ ಬರ್ತದ. ಗ್ವಾಡಿ ಭಾಳ ಹತ್ರ ಇದ್ರ ಎರಡೂ ಕಲಸಿ ರಾಡಿ ಆಗ್ತದ. ಅದಕ್ಕ ಹಿಂದ ಒಂದು ಮೂರು ಫೂಟರೆ ಬಿಡಬೇಕು. ಜೋಕಾಲಿ, ದಿವಾನ, ಇಸ್ತ್ರಿಗೆ ಕೊಡೋ ಅರಬಿ ಗಂಟು, ಎಲ್ಲಾ ಇರೋ ನಮ್ಮ ಪಡಸಾಲ್ಯಾಗ ಆ ಮೂರು ಫೂಟು ಎಲ್ಲಿಂದ ತರೋದು?

ಹಂಗಂತ ಇವು ಬ್ಯಾಡೇ ಬ್ಯಾಡ ಅನ್ನಂಗಿಲ್ಲ ನಾ. ದನಿ ಭಾಳ ಸ್ವಚ್ಛ. ಗಂಗೂಬಾಯಿ ಹಾನಗಲ್ ಅವರ ಹಾಡು ಹಚ್ಚಿದ್ರ ತಂಬೂರಿ ಬ್ಯಾರೆ, ದನಿ ಬ್ಯಾರೆ ಕೇಳಸ್ತಾವ. ಬಾಜೂಕ ಕೂತವರಿಗೆ ಸಪ್ಪಳನೂ ಕಡಿಮಿ, ಯಾಕಂದ್ರ ಮುಂದಿಂದು ಹಿಂದಿಂದು ಅಲ್ಲೆ ಒಂದನ್ನೊಂದು ಕಡದ ಹಾಕ್ತಾವ. ಆದ್ರ ಅದ ಕಾರಣಕ್ಕ ತಬಲಾದ ಡಗ್ಗಾದ ಪೆಟ್ಟೂ ಸಣ್ಣಾಗ್ತದ. ಸಿನಿಮಾದ ಧಡಂ ಧುಡುಂ ಬೇಕನ್ನೋರಿಗೆ ಇವು ಸಾಲಂಗಿಲ್ಲ.

ಜಾಗಾ ಇಲ್ಲದವರು ಗ್ವಾಡಿಗೇ ಹಚ್ಚಲಿಕ್ಕಂತನ ಮಾಡಿದ್ದು, ಹಿಂದ ಮುಚ್ಚಿದ್ದು ತಗೊಳ್ಳೋದ ಛಲೋ. ಇಲ್ಲಾ, ಒಬ್ಬಾಕಿನ ಎತ್ತಿ ಸರಸೋ ಅಷ್ಟು ಹಗರ ಇರಬೇಕು. ಹಾಡು ಕೇಳೋವಾಗ ಮುಂದ ತರೂದು, ಮುಗದಮ್ಯಾಲೆ ಗ್ವಾಡಿಗೆ ಸರಸೂದು. ಎಲೆಕ್ಟ್ರೋಸ್ಟ್ಯಾಟಿಕ್ ಅನ್ನೋ ನಮೂನಿಗೆ ಒಂದೊಂದಕ್ಕೂ ಬ್ಯಾರೆ ಕರೆಂಟಿನ ಪ್ಲಗ್ ಬೇಕು, ಅದನ್ನ ಮೊದಲ ಕೇಳ್ರಿ. ತಳಾ ಗಟ್ಟಿ ಅದನೋ ಇಲ್ಲೋ ಕೈಯಿಂದ ನೂಕಿ ನೋಡ್ರಿ, ಹುಡುಗೂರಿರೋ ಮನಿ ಅದ.

ಅಂಗಡ್ಯಾಗ ಅವರು ಖೋಲಿ ನಡುವ ಇಟ್ಟು ಕೇಳಸ್ತಾರ, ಅಲ್ಲೆ ಎಲ್ಲಾ ಛಲೋನ ಕೇಳಸ್ತದ. "ನಮ್ಮನ್ಯಾಗ ಇಡೋ ಹಂಗ ಗ್ವಾಡಿಗೆ ಒಂದು ಫೂಟಿನ ಮ್ಯಾಲೆ ಇಡ್ರಿ" ಅನ್ರಿ. ಮನ್ಯಾಗ ಅದು ನಿಂದ್ರೋ ಜಾಗಾದಾಗ ಅದರ ಅಳತಿಗೆ ಒಂದು ಖಾಲಿ ರಟ್ಟಿನ ಡಬ್ಬಿ ನಾಕು ದಿನ ಇಟ್ಟು ನೋಡ್ರಿ. ಕಸಬರಿಗಿ ಹೋಗ್ತದನು? ಜೋಕಾಲಿ ಬಡೀತದನು? ರಾತ್ರಿ ಅತ್ತಿಯವರು ಎದ್ದು ನೀರಿಗೆ ಹೋಗೋವಾಗ ಕಾಲಿಗೆ ತೊಡರ್ತದನು?

ಸ್ಪೀಕರ್ ಆರಸೂದು ಗಂಡಸರ ಕೆಲಸ ಅಂತ ನಾವು ಒಳಗ ಚಹಾ ಕುದಸ್ಕೋತ ನಿಂತ್ರ, ನಾಳೆ ಅದಕ್ಕ ಜಾಗಾ ಮಾಡ್ಲಿಕ್ಕೆ ಸರಸೂದು ಅತ್ತಿಯವರ ಮಂಚಾನ. ಎಪ್ಪತ್ತು ದಾಟಿದವರು ಕಿಟಕಿ ಬಾಜೂ ಕೂಡೋ ಜಾಗಾ ಬಿಟ್ಟುಕೊಡೂವಂಥಾ ಹಾಡು ಯಾವುದೂ ಇಲ್ಲ. ಅದಕ್ಕ ಅಂಗಡಿಗೆ ನಾವೂ ಹೋಗಬೇಕು, ಅಳತಿ ಟೇಪು ನಮ್ಮ ಕೈಯಾಗ ಇರಬೇಕು.